ಖಾಲಿ ಡಬ್ಬಿಯ ಚಿನ್ನ

ನಮ್ಮ ದೊಡ್ಡಮ್ಮ ಮದುವೆಯ ಚಿನ್ನದ ಉಂಗುರವನ್ನು ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿಯ ಹಿಂದೆ ಇಟ್ಟಿದ್ದಳು. ನೆಂಟರ ಬಾಯಲ್ಲಿ ಅದೇ ಮಾತು. ಗಂಡನ ಮೇಲೆ ಪ್ರೀತಿಯಿಲ್ಲ ಎಂದು ಒಬ್ಬರು, ಜಂಬ ಎಂದು ಇನ್ನೊಬ್ಬರು. ಅವಳ ಕೆಲಸವೇ ಅಂಥದ್ದು ಎಂದು ಹೇಳಿ ಹೇಳಿ ನನಗೆ ಸಾಕಾಯಿತು. ಕೇಳುವ ಜನವಲ್ಲ ಅವರು.

ಊರಾಚೆ ಅಣು ರಿಯಾಕ್ಟರಿನ ಪಕ್ಕದ ಪ್ರಯೋಗಾಲಯದಲ್ಲಿ ಅವಳಿಗೆ ಕೆಲಸ. ಎಲ್ಲೆಲ್ಲಿಂದಲೋ ಮಣ್ಣು, ಕಲ್ಲು, ಕೂದಲು ಬರುತ್ತವೆ. ಅವುಗಳಲ್ಲಿ ಏನೇನು ಸೇರಿದೆ ಎಂದು ಪತ್ತೆ ಮಾಡಬೇಕು. ದೊಡ್ಡಮ್ಮ ಅವನ್ನು ಒಣಗಿಸಿ, ಅರೆದು, ತೂಗಿ, ಪುಟ್ಟ ಪ್ಲಾಸ್ಟಿಕ್ ಡಬ್ಬಿಗೆ ತುಂಬುತ್ತಿದ್ದಳು. ಡಬ್ಬಿ ರಿಯಾಕ್ಟರಿನೊಳಗೆ ಹೋಗಿ ನ್ಯೂಟ್ರಾನುಗಳ ಪೆಟ್ಟು ತಿಂದು ಬರುತ್ತದೆ. ಪೆಟ್ಟು ತಿಂದ ಒಂದೊಂದು ಧಾತುವೂ ತನ್ನದೇ ಬಗೆಯ ಕಿರಣ ಬಿಡುತ್ತದೆ, ಯಂತ್ರ ಅದನ್ನು ನೋಡಿ ಇದು ಕಬ್ಬಿಣ, ಇದು ಆರ್ಸೆನಿಕ್ ಎಂದು ಗುರುತು ಹಿಡಿಯುತ್ತದೆ. ಬೇರೆ ಯಾವುದು ಅಡಗಿದರೂ ಚಿನ್ನ ಅಡಗುವುದಿಲ್ಲ. ಒಡವೆಯಿಂದ ಬೆರಳಿಗೆ ಹತ್ತಿದ, ಕಣ್ಣಿಗೆ ಕಾಣದ ಕಣವೊಂದು ಬಿದ್ದರೂ ಸಾಕು, ಲೆಕ್ಕವೆಲ್ಲ ಕೆಟ್ಟಿತು. ಹಾಗಾಗಿ ಚಿನ್ನ ತೊಡುವವರಿಗೆ ಆ ಕೋಣೆಗೆ ಪ್ರವೇಶವಿಲ್ಲ, ಬಾಗಿಲಲ್ಲಿ ಬಿಚ್ಚಿಟ್ಟರೂ ಇಲ್ಲ. ದೊಡ್ಡಮ್ಮನಿಗೆ ಆ ಕೋಣೆಯೆಂದರೆ ಪ್ರಾಣ.

ದೊಡ್ಡಪ್ಪ ಬಸ್ ಡ್ರೈವರ್. "ಒಂದ್ಸಲ ಹಾಕ್ಕೊಂಡು ತೋರ್ಸೇ" ಎನ್ನುವರು. "ರಿಟೈರ್ ಆಗ್ಲಿ, ನೋಡೋಣ" ಎನ್ನುವಳು. ಅವರಿಬ್ಬರ ಪ್ರೇಮ ಸಂಭಾಷಣೆ ಇಷ್ಟೇ.

ಆಮೇಲೆ ದೊಡ್ಡಪ್ಪನಿಗೆ ಹೃದಯದ ಆಪರೇಷನ್ ಎಂದಾಯಿತು. ಆಸ್ಪತ್ರೆಯ ಮಂಚದ ಮೇಲಿಂದ ಮತ್ತೆ ಉಂಗುರದ ಮಾತು ತೆಗೆದರು. "ಸುಮ್ನೆ ಮಲ್ಕೊಳ್ಳಿ" ಎಂದಳು. ಮರುದಿನ ಸ್ಟ್ರೆಚರ್ ಬರುವಾಗ ಉಂಗುರ ಅವಳ ಬೆರಳಲ್ಲಿತ್ತು. ದೊಡ್ಡಪ್ಪ ಅದನ್ನು ನೋಡುತ್ತಲೇ ಒಳಗೆ ಹೋದರು. ಆಪರೇಷನ್ ಮುಗಿದರೂ ಎಚ್ಚರವಾಗಲಿಲ್ಲ.

ಅಷ್ಟರಲ್ಲಿ ದೊಡ್ಡಮ್ಮನ ರಜೆ ಮುಗಿಯಿತು. ಉಂಗುರ ಹಾಕಿದ್ದೇನೆಂದು ಪ್ರಯೋಗಾಲಯದಲ್ಲಿ ಹೇಳಿದರೆ ತೆಗೆ ಎನ್ನುತ್ತಾರೆ. ದೊಡ್ಡಪ್ಪ ಕಣ್ಣು ಬಿಡುವ ಮೊದಲೇ ಅದನ್ನು ತೆಗೆದಿಡಲು ಅವಳಿಗೆ ಮನಸ್ಸು ಬರಲಿಲ್ಲ. ಬೆಳಗ್ಗೆ ಬಾಗಿಲಲ್ಲಿ ಬಿಚ್ಚಿ, ಸೋಪು ಹಾಕಿ ಉಜ್ಜಿ, ಗ್ಲೌಸ್ ತೊಟ್ಟು ಒಳಗೆ ಹೋಗುವುದು. ಸಂಜೆ ಮತ್ತೆ ಹಾಕಿಕೊಂಡು ಆಸ್ಪತ್ರೆಗೆ ಓಡುವುದು. ಸೋಪು ಸಾಲದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಿಲ್ಲ.

ಆ ವಾರ ಯಾರದೋ ಗುಡ್ಡದ ಮಣ್ಣು ಬಂದಿತ್ತು. ಪರೀಕ್ಷಿಸಿ ನೋಡಿದರೆ ಚಿನ್ನ. ಸುದ್ದಿ ಹೇಗೋ ಮುಟ್ಟಿ, ಗುಡ್ಡದ ಯಜಮಾನ ಹೊಸ ಬೂಟು ಹಾಕಿಕೊಂಡು ಬಂದು ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತ. ಆದರೆ ಪ್ರತಿ ಸಲವೂ ಮಣ್ಣಿನ ಜೊತೆ ಏನೂ ತುಂಬದ ಡಬ್ಬಿಯೊಂದನ್ನು ರಿಯಾಕ್ಟರಿಗೆ ಕಳಿಸುವುದು ಅಲ್ಲಿನ ಕ್ರಮ. ಅದರಲ್ಲೂ ಚಿನ್ನ ಬಂದಿತ್ತು, ಅಂದರೆ ಅದು ಗುಡ್ಡದ್ದಲ್ಲ, ಕೋಣೆಯಲ್ಲಿ ಯಾರದೋ ಕೈಯದು. ಮುಖ್ಯಸ್ಥೆ ಎಲ್ಲರನ್ನೂ ನಿಲ್ಲಿಸಿ ಕೇಳಿದರು. ದೊಡ್ಡಮ್ಮನ ಕಡೆ ತಿರುಗಿಯೂ ನೋಡಲಿಲ್ಲ, ಅಷ್ಟು ನಂಬಿಕೆ.

"ನಂದೇ ಮೇಡಂ, ನನ್ನ ಉಂಗುರದ್ದು" ಎಂದಳು ದೊಡ್ಡಮ್ಮ.

ಮೇಡಂ ಬೈಯಲಿಲ್ಲ. "ಉಂಗುರ ಮನೇಲಿಟ್ಟು, ಸ್ವಲ್ಪ ದಿನ ಬಿಟ್ಟು ಬನ್ನಿ. ನಿಮ್ಮ ಜಾಗ ಎಲ್ಲಿಗೂ ಹೋಗಲ್ಲ."

"ಆಗಲ್ಲ ಮೇಡಂ. ತೆಗೆಯಲ್ಲ."

ಅವಳನ್ನು ಗೇಟಿನ ಹತ್ತಿರದ ಮೇಜಿಗೆ ಹಾಕಿದರು. ಮಣ್ಣನ್ನು ಬೇರೆಯವರು ಮತ್ತೆ ಪರೀಕ್ಷಿಸಿದರು, ಗುಡ್ಡ ಬರೀ ಗುಡ್ಡವಾಯಿತು. ಬೂಟಿನವನು ದೊಡ್ಡಮ್ಮನ ಮೇಜಿನ ಮುಂದೆಯೇ ಹಾದುಹೋದ.

ದೊಡ್ಡಪ್ಪ ಬದುಕಿಕೊಂಡರು. ಮನೆಗೆ ಬಂದ ಮೇಲೆ ವಿಷಯ ತಿಳಿದು ಅವರಿಗೆ ಸಿಟ್ಟೇ ಬಂತು.

"ಆ ಕೋಣೆ ಬಿಟ್ಟು ಗೇಟಲ್ಲಿ ಕೂರ್ತೀಯಾ? ನಾನೇನೋ ಭಯಕ್ಕೆ ಕೇಳ್ದೆ ಕಣೇ. ಈಗ ಚೆನ್ನಾಗಿದೀನಲ್ಲ, ತೆಗೆದಿಟ್ಟು ಹೋಗು."

ದೊಡ್ಡಮ್ಮ ಮಾತ್ರೆ ಬಿಡಿಸುತ್ತಿದ್ದಳು. "ಭಯ ನಿಮಗೊಬ್ರಿಗೇ ಆಗಿತ್ತಾ? ನೀವು ಹೋಗೇಬಿಡ್ತೀರಿ ಅಂದ್ಕೊಂಡಿದ್ದೆ" ಎಂದಳು.

ದೊಡ್ಡಪ್ಪ ಮಾತಾಡಲು ಬಾಯಿ ತೆರೆದರು. ಉಂಗುರದ ಕೈಯಲ್ಲೇ ಅವರ ಬಾಯಿಗೆ ಮಾತ್ರೆ ಹಾಕಿ, ನೀರು ಕೊಟ್ಟಳು.