ಗುರುಗ್ರಹದ ಕಾವು, ಶರಣಮ್ಮನ ಪ್ರಶ್ನೆ

ಹೋದ ಶನಿವಾರ ವಡಗೇರಾಕ್ಕೆ ಹೋಗಿ, ನನ್ನ ಹಳೇ ವಿದ್ಯಾರ್ಥಿನಿಯೊಬ್ಬಳ ಕ್ಷಮೆ ಕೇಳಿ ಬಂದೆ. ಕಾರಣ, ಗುರುಗ್ರಹ.

ನಗಬೇಡಿ. ಮೊದಲಿನಿಂದ ಹೇಳುತ್ತೇನೆ.

ನಮ್ಮ ಅಕ್ಕನ ಮಗಳು ಅಂಬಿಕಾ ಗ್ರಹಗಳ ಮೇಲೆ ರಿಸರ್ಚ್ ಮಾಡುತ್ತಾಳೆ. ರಜೆಗೆಂದು ಶಹಾಪುರದ ನಮ್ಮ ಮನೆಗೆ ಬಂದವಳು ಚಹಾ ಕುಡಿಯುತ್ತ ಲ್ಯಾಪ್‌ಟಾಪ್ ತೆರೆದು ಒಂದು ಫೋಟೊ ತೋರಿಸಿದಳು. ಗುರುಗ್ರಹ. ಅಲ್ಲಲ್ಲಿ ಕೆಂಡದ ಹಾಗೆ ಹೊಳೆಯುತ್ತಿತ್ತು.

"ಸೂರ್ಯನ ಬೆಳಕು ಬಿದ್ದದ ಅಲ್ಲೇನು?" ಎಂದೆ.

"ಅಲ್ಲ ಮಾಮಾ, ಇದು ಅದರದೇ ಕಾವು. ಹುಟ್ಟಿದಾಗಿಂದ ಒಳಗ ಉಳದದ್ದು ಇನ್ನೂ ಹೊರಗ ಬರಾಕತ್ತದ. ನಮ್ಮ ಕಣ್ಣಿಗೆ ಕಾಣಂಗಿಲ್ಲ. ಅವಕೆಂಪು ಬೆಳಕು ಹಿಡಿಯೋ ಕ್ಯಾಮೆರಾಕ್ಕ ಕಾಣ್ತದ."

ಮೋಡ ದಟ್ಟವಾಗಿರುವ ಕಡೆ ಆ ಕಾವು ಹೊರಗೆ ಬರುವುದು ಕಡಿಮೆ, ಅಲ್ಲಿ ಮಂಕು. ಮೋಡ ತೆಳುವಾದ ಕಡೆ ಝಗಝಗ. ಗ್ರಹ ತಿರುಗಿದಂತೆ ಹೊಳಪು ಏರುತ್ತದೆ, ಇಳಿಯುತ್ತದೆ. ಈ ಏರಿಳಿತವನ್ನೇ ಹಿಡಿದು ಅಲ್ಲಿನ ಮೋಡ, ಗಾಳಿಗಳನ್ನು ಲೆಕ್ಕ ಹಾಕುತ್ತಾರಂತೆ. ಬರೀ ಒಂದು ಚುಕ್ಕಿಯಾಗಿ ಕಾಣುವ, ಬೇರೆ ನಕ್ಷತ್ರಗಳ ದೊಡ್ಡ ಗ್ರಹಗಳಿಗೂ ಇದೇ ಉಪಾಯ. (ಯಾದಗಿರಿಯಲ್ಲಿ ನಾಳೆ ಮಳೆ ಬರುತ್ತದಾ ಹೇಳು ಅಂದರೆ ಮಾತ್ರ ನಗುತ್ತಾಳೆ.)

ನನಗೆ ನಗು ಬರಲಿಲ್ಲ. ಚಹಾದ ಕಪ್ಪು ಕೆಳಗಿಟ್ಟೆ.

ಯಾಕೆ ಗೊತ್ತೇ? ಸುರಪುರದಲ್ಲಿ ವಿಜ್ಞಾನದ ಮಾಸ್ತರನಾಗಿದ್ದಾಗ "ಗ್ರಹಗಳಿಗೆ ಸ್ವಂತ ಬೆಳಕಿಲ್ಲ, ಬರ್ಕೊಳ್ರಿ" ಎಂದು ವರ್ಷವರ್ಷವೂ ಹೇಳಿದವನು ನಾನು. ಒಂದು ವರ್ಷ ಎಂಟನೇ ಕ್ಲಾಸಿನ ಶರಣಮ್ಮ ಎದ್ದು ನಿಂತಳು. ಖಾನಾವಳಿಗೆ ರೊಟ್ಟಿ ಬಡಿದು ಕೊಡುವ ತಾಯಿಯ ಮಗಳು.

"ಸರ, ರೊಟ್ಟಿ ಹಂಚು ಕರ್ರಗ ಇರ್ತದ್ರಿ. ಬೆಳಕು ಇರಂಗಿಲ್ಲ. ಆದ್ರ ಮ್ಯಾಲ ಕೈ ಹಿಡದ್ರ ಕಾವು ಬಡೀತದ. ಗ್ರಹದೊಳಗೂ ಹಂಗ ಕಾವು ಇದ್ರ, ಅದೂ ಹೊರಗ ಬರ್ತಿರಬೇಕಲ್ರಿ?"

ನನಗೆ ಉತ್ತರ ಹೊಳೆಯಲಿಲ್ಲ. ಅದನ್ನು ಮುಚ್ಚಿಕೊಳ್ಳಲು ಜೋಕು ಹೊಡೆದೆ. "ಕುಂದ್ರು ಹಂಚವ್ವ, ಗುರುಗ್ರಹದ ಮ್ಯಾಲ ರೊಟ್ಟಿ ಸುಡಾಕ ಹೋಗಬ್ಯಾಡ!"

ಕ್ಲಾಸು ಬಿದ್ದು ಬಿದ್ದು ನಕ್ಕಿತು. 'ಹಂಚವ್ವ' ಅವಳಿಗೆ ಅಂಟಿಕೊಂಡಿತು. ಆಮೇಲೆ ಶರಣಮ್ಮ ನನ್ನ ಕ್ಲಾಸಿನಲ್ಲಿ ಒಂದು ಸಲವೂ ಪ್ರಶ್ನೆ ಕೇಳಲಿಲ್ಲ. ಹತ್ತನೇ ಕ್ಲಾಸಿಗೇ ಓದು ಬಿಟ್ಟಳೆಂದು ಕೇಳಿದ್ದೆ. (ಅದಕ್ಕೆ ನೂರು ಕಾರಣ ಇರಬಹುದು. ಅದರಲ್ಲಿ ನಾನೂ ಒಬ್ಬನಾಗಿರಬಹುದು.)

ಇದನ್ನೆಲ್ಲ ಕೇಳಿದ ಅಂಬಿಕಾ ಬೈಯಲಿಲ್ಲ. ಆ ಫೋಟೊದ ಪ್ರಿಂಟ್ ತೆಗೆಸಿ ಕೈಗಿಟ್ಟಳು. "ಹೋಗಿ ಹೇಳಿ ಬರ್ರಿ ಮಾಮಾ."

ಶರಣಮ್ಮನದು ಈಗ ವಡಗೇರಾದಲ್ಲಿ ಟೇಲರಿಂಗ್ ಅಂಗಡಿ. ಕೊರಳಲ್ಲಿ ಅಳತೆ ಟೇಪು, ಕಣ್ಣಿಗೆ ಚಷ್ಮಾ. ನನ್ನನ್ನು ಕಂಡವಳೇ ಸ್ಟೂಲಿನ ಮೇಲಿದ್ದ ಬ್ಲೌಸ್ ಪೀಸುಗಳನ್ನು ಬಾಚಿ ತೆಗೆದಳು.

"ಅಯ್ಯ, ಸರ! ಬರ್ರಿ, ಕುಂದರ್ರಿ."

ಬಸ್ಸಿನಲ್ಲಿ ತಯಾರು ಮಾಡಿಕೊಂಡಿದ್ದ ಭಾಷಣವೆಲ್ಲ ಮರೆತುಹೋಯಿತು. ಫೋಟೊ ಕೊಟ್ಟು, ಅಂಬಿಕಾ ಹೇಳಿದ್ದನ್ನೆಲ್ಲ ಹೇಳಿದೆ. "ಅವತ್ತು ನೀ ಹೇಳಿದ್ದು ಖರೆ ಇತ್ತವ್ವ. ನಾ ನಗಿಸಿದ್ದು ತಪ್ಪಾತು."

"ಇರ್ಲಿ ಬಿಡ್ರಿ ಸರ. ಅದನ್ನೆಲ್ಲಾ ಯಾರು ನೆನಪಿಟ್ಟಾರ?" ಎಂದಳು. ಆದರೆ ಚಷ್ಮಾ ತೆಗೆದು ಸೆರಗಿನಿಂದ ಕಣ್ಣೊರೆಸಿಕೊಂಡಳು. ನೆನಪಿಟ್ಟಿದ್ದಳು. ಇಷ್ಟು ವರ್ಷ.

ಆಮೇಲೆ ಫೋಟೊವನ್ನು ಬಾಗಿಲ ಬೆಳಕಿಗೆ ಹಿಡಿದಳು. ಹೊಳೆಯುವ ಜಾಗದ ಮೇಲೆ ಬೆರಳಿಟ್ಟು, "ಮೋಡ ಇಲ್ಲಿ ತೆಳ್ಳಗ ಅದೇನ್ರಿ?" ಎಂದಳು. ಹೌದೆಂದೆ. ಮಂಕಾದ ಜಾಗಕ್ಕೆ ಬೆರಳು ಸರಿಸಿದಳು. ಅಂಗಡಿಗೆ ಬಂದ ಗಿರಾಕಿಗೆ "ತಡೀರಿ ಅಕ್ಕಾ, ನಮ್ಮ ಸರ ಬಂದಾರ" ಅಂದಳು. ನನಗೆ ಎಷ್ಟು ಸಂತೋಷವಾಯಿತೋ, ಅಷ್ಟೇ ನಾಚಿಕೆಯೂ ಆಯಿತು.

"ಹಂಗಾರ ಸರ, ಒಳಗಿನ ಕಾವೆಲ್ಲಾ ಆರಿ ಹೋದ ಮ್ಯಾಲ ಆ ಮೋಡ ಏನಾಗ್ತಾವ್ರಿ?"

ಎಂಟನೇ ಕ್ಲಾಸಿನ ಅದೇ ಶರಣಮ್ಮ!

"ನನಗ ಗೊತ್ತಿಲ್ಲವ್ವ" ಎಂದೆ.

ಇಷ್ಟು ಸಣ್ಣ ಮಾತು ಹೇಳಲು ನಾನು ರಿಟೈರ್ ಆಗುವ ತನಕ ಕಾಯಬೇಕಿತ್ತೇ?