ಓನೊ ಹೈಯೆನ್ ಕೊಡದ ಸಾಕ್ಷಿ

ಓನೊ ಹೈಯೆನ್ ಹಟಮಾರಿ ಎಂದು ಗ್ರೀಟ್‌ಸೀಲ್ ಬಂದರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಆ ಹೆಸರು ಕಟ್ಟಿದವನು ಅವನ ಅಪ್ಪನೇ, ಸೀಗಡಿ ಹಿಡಿಯುವ ಹೆರ್ಮ್. "ಸಮುದ್ರಾನಾದ್ರೂ ದಿನಕ್ಕೆರಡು ಸಲ ಹಿಂದಕ್ಕೆ ಹೋಗುತ್ತೆ ಕಣ್ರೋ, ಈ ನನ್ಮಗ ಹೋಗಲ್ಲ," ಎಂದು ಬಲೆ ಕೊಡವುತ್ತ ಗೊಣಗುತ್ತಿದ್ದ.

ದೋಣಿಯ ಎಂಜಿನ್ ಬಿಚ್ಚಿ ಜೋಡಿಸುತ್ತ ಬೆಳೆದ ಓನೊ ಹತ್ತೊಂಬತ್ತಕ್ಕೆ ಜರ್ಮನಿಯ ವಾಯುಪಡೆ ಸೇರಿದ. ಯಾರೂ ಕುತ್ತಿಗೆ ಹಿಡಿದು ದಬ್ಬಲಿಲ್ಲ, ಹಾರುವ ಆಸೆಗೆ ತಾನಾಗಿಯೇ ಹೋದ. ಇದನ್ನು ಮುಚ್ಚಿಟ್ಟು ಅವನನ್ನು ಪಾಪದವನನ್ನಾಗಿ ಮಾಡುವುದು ಬೇಡ. ಆ ಯುದ್ಧ ಕೆಟ್ಟದ್ದು, ಅದನ್ನು ಹಚ್ಚಿದವರು ಕೆಟ್ಟವರು, ಅದರ ಉಪ್ಪು ತಿಂದವರಲ್ಲಿ ಓನೊನೂ ಒಬ್ಬ. ಸಾವಿರದ ಒಂಬೈನೂರ ನಲವತ್ತನಾಲ್ಕರ ವಸಂತದ ಹೊತ್ತಿಗೆ ಅವನ ವಿಮಾನದ ಬಾಲದ ಮೇಲೆ ನಾಲ್ಕು ಬಿಳಿ ಗೀಟುಗಳಿದ್ದವು. ಒಂದು ವಿಮಾನ ಬೀಳಿಸಿದರೆ ಒಂದು ಗೀಟು.

ಫೈಟರ್ ದಳದಲ್ಲಿ ಒಬ್ಬೊಬ್ಬರೇ ಹಾರುವ ಮಾತಿರಲಿಲ್ಲ. ಜೋಡಿಯಲ್ಲೇ ಹಾರಬೇಕು. ಮುಂದಿನವನು ಹೊಡೆಯುತ್ತಾನೆ, ಹಿಂದಿನವನು ಅವನ ಬೆನ್ನು ಕಾಯುತ್ತಾನೆ. ಹಿಂದಿನವನಿಗೆ ಇನ್ನೊಂದು ಕೆಲಸವೂ ಉಂಟು. ಮುಂದಿನವನು ಬೀಳಿಸಿದ್ದನ್ನು ಕಣ್ಣಾರೆ ಕಂಡೆ ಎಂದು ಸಾಕ್ಷಿ ಹೇಳಬೇಕು. ಸಾಕ್ಷಿ ಇಲ್ಲದಿದ್ದರೆ ಗೀಟಿಲ್ಲ. ಸ್ವತಃ ದೇವರೇ ಇಳಿದು ಬಂದು ಬಾಂಬರ್ ಬೀಳಿಸಿದರೂ ಜೊತೆಗಾರನನ್ನು ಕರೆತರಬೇಕಿತ್ತು.

ಓನೊ ಬೆನ್ನು ಕಾಯುತ್ತಿದ್ದದ್ದು ದಳದ ನಾಯಕ ಕ್ಯಾಪ್ಟನ್ ಲೋಥರ್ ಕೆಸ್ಟೆನ್‌ನದು. ಕೆಸ್ಟೆನ್ ಒಳ್ಳೆಯ ಹಾರಾಟಗಾರ, ಹೇಡಿಯಂತೂ ಅಲ್ಲ. ಆದರೆ ಕೊರಳಿಗೆ ಕಟ್ಟುವ ಆ ದೊಡ್ಡ ಪದಕದ ಹುಚ್ಚು ಅವನಿಗೆ ಹತ್ತಿತ್ತು. ಅಂಥವರನ್ನು ಕಂಡರೆ ಹುಡುಗರು, "ಸಾಹೇಬ್ರಿಗೆ ಗಂಟಲುನೋವು," ಎಂದು ಬೆನ್ನ ಹಿಂದೆ ಕಿಸಿಯುತ್ತಿದ್ದರು. ಕೆಸ್ಟೆನ್‌ನ ಗಂಟಲುನೋವು ವಾಸಿಯಾಗಲು ಇನ್ನೊಂದೇ ಗೀಟು ಸಾಕಿತ್ತು.

ಅದೇ ದಳದಲ್ಲಿ ಎರ್ವಿನ್ ಮಾಟೆರ್ನ್ ಎಂಬ ಸಣಕಲ ಇದ್ದ. ಸೇರಿ ವರ್ಷವಾದರೂ ಅವನ ಬಾಲದ ಮೇಲೆ ಒಂದು ಗೀಟೂ ಬಿದ್ದಿರಲಿಲ್ಲ. "ಮದುವಣಗಿತ್ತಿ ಬಂದಳು, ದಾರಿ ಬಿಡ್ರೋ," ಎಂದು ಊಟದ ಮನೆಯಲ್ಲಿ ಗೋಳು ಹೊಯ್ದುಕೊಳ್ಳುತ್ತಿದ್ದರು. ಮಾಟೆರ್ನ್ ನಕ್ಕು ಸುಮ್ಮನಾಗುತ್ತಿದ್ದ, ಆದರೆ ಕಿವಿ ಮಾತ್ರ ಕೆಂಪಾಗುತ್ತಿತ್ತು.

ಏಪ್ರಿಲ್‌ನ ಒಂದು ಮಧ್ಯಾಹ್ನ ಅಮೆರಿಕದ ಬಾಂಬರ್‌ಗಳು ಲೂನೆಬುರ್ಗ್ ಬಯಲಿನ ಮೇಲೆ ಬಂದವು. ಮಾಟೆರ್ನ್ ಎದುರಿನಿಂದಲೇ ಒಂದಕ್ಕೆ ನುಗ್ಗಿದ. ಡಿಕ್ಕಿ ಹೊಡೆಯುತ್ತಾನೆ ಎಂದೇ ಓನೊ ಅಂದುಕೊಂಡ. ಬಾಂಬರ್‌ನ ಒಂದು ರೆಕ್ಕೆ ಬೇರಿನಿಂದ ಮುರಿದು ಬಿತ್ತು. ಕೆಲವು ಪ್ಯಾರಾಚೂಟ್‌ಗಳು ಬಿಚ್ಚಿಕೊಂಡವು, ಒಳಗಿದ್ದವರಿಗೆ ಸಾಲುವಷ್ಟಲ್ಲ. ಮಾಟೆರ್ನ್ ಮೇಲಕ್ಕೆ ತಿರುಗುವಷ್ಟರಲ್ಲಿ ಕಾವಲಿಗಿದ್ದ ಮಸ್ಟ್ಯಾಂಗ್ ಫೈಟರೊಂದು ಅವನನ್ನು ಹಿಡಿಯಿತು. ಅವನ ಪ್ಯಾರಾಚೂಟ್ ಬಿಚ್ಚಿಕೊಳ್ಳಲಿಲ್ಲ.

ಆಮೇಲೆ ಕೆಸ್ಟೆನ್ ಬಂದ. ರೆಕ್ಕೆ ಮುರಿದು ಗಿರಗಿರ ಸುತ್ತುತ್ತ ಬೀಳುತ್ತಿದ್ದ ಆ ಬಾಂಬರ್‌ಗೆ ದೂರದಿಂದ ಒಂದು ಸುತ್ತು ಗುಂಡು ಹಾರಿಸಿದ, ಹೊರಟ. ವಿಮಾನ ನೆಲೆಯ ಮೇಲೆ ತಗ್ಗಿನಲ್ಲಿ ಹಾರಿ ರೆಕ್ಕೆ ಅಲ್ಲಾಡಿಸಿದ. ಬೀಳಿಸಿ ಬಂದವರು ಹಾಗೆ ಅಲ್ಲಾಡಿಸುವುದು ವಾಡಿಕೆ. ಕೆಳಗೆ ಮೆಕ್ಯಾನಿಕ್‌ಗಳು ಟೋಪಿ ಎಸೆದು ಕುಣಿದರು. ಹಿಂದೆ ಇಳಿದ ಓನೊ ವಿಮಾನದೊಳಗೇ ಸ್ವಲ್ಪ ಹೊತ್ತು ಕೂತ.

ಕೆಸ್ಟೆನ್ ತನ್ನ ಕೋಣೆಗೆ ಕರೆಸಿ ಫ್ರೆಂಚ್ ಬ್ರಾಂದಿ ಸುರಿದ.

"ನೋಡಿದೆಯಲ್ಲ, ಹೈಯೆನ್?"

"ನೋಡಿದೆ, ಕ್ಯಾಪ್ಟನ್ ಸಾಹೇಬ್ರೆ. ಮಾಟೆರ್ನ್ ಹೊಡೆದದ್ದು ನೋಡಿದೆ."

"ಮಾಟೆರ್ನ್ ಗಾಯ ಮಾಡಿರಬಹುದು. ಮುಗಿಸಿದ್ದು ನಾನು."

"ನೀವು ಹೊಡೆದದ್ದು ಹೆಣಕ್ಕೆ."

ಕೆಸ್ಟೆನ್‌ಗೆ ಸಿಟ್ಟು ಬರಲಿಲ್ಲ, ಅದೇ ಓನೊನನ್ನು ಇನ್ನಷ್ಟು ಕೆರಳಿಸಿತು. ಅಂಗಡಿಯಲ್ಲಿ ಚೌಕಾಸಿ ಮಾಡುವವನಂತೆ ಆತ ಮೆತ್ತಗೆ ಹೇಳಿದ: "ನೋಡಯ್ಯಾ, ಅವನು ಸತ್ತ. ಅವನಿಗೆ ಗೀಟು ಕಟ್ಟಿಕೊಂಡು ಏನಾಗಬೇಕು? ಬರೆಯೋಕೆ ಬಾಲ ಕೂಡ ಉಳಿದಿಲ್ಲ. ನೀನು ಹೂಂ ಅಂದ್ರೆ ಬರೋ ವಾರದಿಂದ ನೀನೇ ಒಂದು ಜೋಡಿಗೆ ಮುಂದಾಳು. ಊಹೂಂ ಅಂದ್ರೆ, ಇಟಲಿಯಲ್ಲಿ ಬಂದೂಕು ಹೊತ್ತು ಕೆಸರು ತುಳಿಯೋರು ಕಡಿಮೆ ಬಿದ್ದಿದ್ದಾರಂತೆ."

ಹಾರಾಟ ಬಿಟ್ಟರೆ ಓನೊಗೆ ಬೇರೆ ಜೀವ ಇರಲಿಲ್ಲ. ಆದರೆ ಮಾಟೆರ್ನ್‌ನ ಕೆಂಪು ಕಿವಿ ಕಣ್ಣ ಮುಂದಿತ್ತು. ಬ್ರಾಂದಿಯನ್ನು ಮುಟ್ಟದೆ ಎದ್ದು ನಿಂತ.

"ಅವನಿಗೆ ಬೇಡದೆ ಇರಬಹುದು. ನನಗೆ ಬೇಕು. ವರ್ಷವಿಡೀ ಅವನನ್ನ ಆಡಿಕೊಂಡು ನಕ್ಕವರಲ್ಲಿ ನಾನೂ ಇದ್ದೆ, ನೀವೂ ಇದ್ರಿ. ಅವನು ಬೀಳಿಸಿದ್ದು ಒಂದೇ ಒಂದು. ಅದನ್ನೂ ಕಿತ್ಕೊಂಡ್ರೆ ನಾವು ಮನುಷ್ಯರಾ?"

ಸಂಜೆ ಊಟದ ಮನೆಯಲ್ಲಿ ಕೆಸ್ಟೆನ್‌ನ ಮೇಲಧಿಕಾರಿ ಮೇಜರ್ ಬಾಂಬರ್ ಬೀಳಿಸಿದ್ದು ಯಾರು ಎಂದು ಎಲ್ಲರೆದುರೇ ಕೇಳಿದ. ಬಾಂಬರ್ ಬಿದ್ದದ್ದನ್ನು ದಳವೆಲ್ಲ ಕಂಡಿತ್ತು, ಯಾರ ಗುಂಡಿಗೆ ಎಂಬುದನ್ನು ಹತ್ತಿರದಿಂದ ಕಂಡವನು ಓನೊ ಒಬ್ಬನೇ. ಓನೊ ಮಾಟೆರ್ನ್ ಎಂದ. ಆಲೂಗಡ್ಡೆ ಸೂಪಿನ ತಟ್ಟೆಯಲ್ಲಿ ಏನೋ ಕಳೆದುಹೋದವರಂತೆ ಎಲ್ಲರೂ ತಲೆ ತಗ್ಗಿಸಿದರು. ಪದಕದ ಸುದ್ದಿ ಆಗಲೇ ಮೇಲಿನವರಿಗೆ ಹೋಗಿತ್ತು. ಮೇಜರ್‌ಗೆ ತಲೆನೋವು. "ನಾಳೆ ಹಾರಿ ಬಾ, ತಲೆ ತಣ್ಣಗಾಗಲಿ. ಆಮೇಲೆ ಇನ್ನೊಂದು ಸಲ ಕೇಳ್ತೀನಿ," ಎಂದ.

"ತಲೆ ತಣ್ಣಗೇ ಇದೆ, ಮೇಜರ್ ಸಾಹೇಬ್ರೆ. ನಾಳೆನೂ ಇದನ್ನೇ ಹೇಳೋದು," ಎಂದ ಓನೊ.

ಮರುದಿನವೂ ಅವನು ಕೆಸ್ಟೆನ್‌ನ ಬೆನ್ನ ಹಿಂದೆಯೇ. ಅವರಿಬ್ಬರೂ ರೇಡಿಯೊದಲ್ಲಿ ಬೇಕಾದಷ್ಟೇ ಮಾತಾಡಿದರು. ಮೋಡದ ಮೇಲೆ ಬೇರೆಯವರಿಂದ ಬೇರೆಯಾದಾಗ ಮಸ್ಟ್ಯಾಂಗೊಂದು ಕೆಸ್ಟೆನ್‌ನ ಬಾಲಕ್ಕೆ ಅಂಟಿಕೊಂಡು ಗುಂಡು ಸುರಿಯತೊಡಗಿತು. ಆಗ ಓನೊನ ತಲೆಯಲ್ಲಿ ಬಂದದ್ದನ್ನು ಹೇಳಿಬಿಡಬೇಕು. ಸ್ವಲ್ಪ ತಡ ಮಾಡಿದರೆ ಸಾಕು, ಎಂದುಕೊಂಡ. ಗುರಿ ಸಿಗಲಿಲ್ಲ ಎಂದರೆ ಕೇಳುವವರು ಯಾರು? ಇಟಲಿಯೂ ಇಲ್ಲ, ಸಾಕ್ಷಿಯೂ ಇಲ್ಲ, ಕೆಸ್ಟೆನ್ನೂ ಇಲ್ಲ.

ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಅಪ್ಪನಿಂದ ಕಲಿತ ಬೈಗುಳವನ್ನೆಲ್ಲ ಬೈಯುತ್ತ ನುಗ್ಗಿ ಗುಂಡಿಯೊತ್ತಿದ. ಮಸ್ಟ್ಯಾಂಗ್ ಹೊಗೆಯುಗುಳುತ್ತ ಮಗುಚಿ ಮೋಡದೊಳಗೆ ಬಿತ್ತು. ಕೆಸ್ಟೆನ್ ಕತ್ತು ತಿರುಗಿಸಿ ನೋಡಿದ್ದನ್ನು ಓನೊ ಗಾಜಿನಾಚೆ ಸ್ಪಷ್ಟವಾಗಿ ಕಂಡ.

ಇಳಿದ ಮೇಲೆ ಮೇಜರ್ ಅಲ್ಲೇ ಹುಲ್ಲಿನ ಮೇಲೆ ವಿಚಾರಿಸಿದ. ಒಂದು ಬೀಳಿಸಿದೆ ಎಂದ ಓನೊ. ಮೇಜರ್ ಕೆಸ್ಟೆನ್ ಕಡೆ ತಿರುಗಿದ.

ಕೆಸ್ಟೆನ್ ಕೈಗವಸು ಕಳಚುತ್ತ, "ನಾನೇನೂ ನೋಡಲಿಲ್ಲ," ಎಂದ.

ಕೆಸ್ಟೆನ್‌ನ ಮೆಕ್ಯಾನಿಕ್ ಮುದುಕ ಪೂಲ್ ಅಷ್ಟರಲ್ಲಿ ವಿಮಾನವನ್ನು ಒಂದು ಸುತ್ತು ಹಾಕಿದ್ದ. ಬಾಲದಿಂದ ಶುರುವಾಗಿ ಕೂರುವ ಜಾಗದ ಬೆನ್ನುಹಲಗೆವರೆಗೂ ತೂತುಗಳು. ಅವನು ಒಂದು ತೂತಿನಲ್ಲಿ ಹೆಬ್ಬೆರಳು ತೂರಿಸಿ ಹಾಗೇ ನಿಂತ. ಸುತ್ತಲಿದ್ದವರೆಲ್ಲ ಅದನ್ನೇ ನೋಡುತ್ತಿದ್ದರು.

ಓನೊಗೆ ನಗು ಬಂತು, ತಡೆಯಲು ಹೋಗಲಿಲ್ಲ. "ಬೇಡ ಬಿಡಿ, ಕ್ಯಾಪ್ಟನ್ ಸಾಹೇಬ್ರೆ. ನನಗೆ ಬೇರೆ ಸಾಕ್ಷಿ ಯಾಕೆ? ನಿಮ್ಮ ಹೆಗಲ ಮೇಲೆ ಇನ್ನೂ ತಲೆ ಇದೆಯಲ್ಲ, ಅಷ್ಟು ಸಾಕು," ಎಂದ. ಆಮೇಲೆ ಮೇಜರ್ ಎದುರು ನೆಟ್ಟಗೆ ನಿಂತು, "ನಿನ್ನೆಯ ಬಾಂಬರ್ ಮಾಟೆರ್ನ್‌ದು. ಇನ್ನೂ ಎಷ್ಟು ಸಲ ಬೇಕಾದ್ರೂ ಕೇಳಿ," ಎಂದ.

ಮೇಜರ್ ಮತ್ತೆ ಕೇಳಲಿಲ್ಲ. ಆ ಬಾಂಬರ್ ಯಾರ ಲೆಕ್ಕಕ್ಕೂ ಸೇರಲಿಲ್ಲ, ಸಾಕ್ಷಿಯಿಲ್ಲದ ಮಸ್ಟ್ಯಾಂಗೂ ಸೇರಲಿಲ್ಲ. ವಾರ ತುಂಬುವ ಮೊದಲೇ ಓನೊನನ್ನು ಇಟಲಿಗೆ ಕಳಿಸಿದರು, ಬಂದೂಕು ಹೊತ್ತು ಕೆಸರು ತುಳಿಯಲು. ಜೋಡಿಗೆ ಬಂದ ಹೊಸಬನ ಕಣ್ಣು ಬೇಕಾದ್ದನ್ನೆಲ್ಲ ಕಾಣುವಂಥದ್ದು, ಬೇಸಿಗೆಯೊಳಗೆ ಕೆಸ್ಟೆನ್‌ನ ಗಂಟಲುನೋವು ವಾಸಿಯಾಯಿತು. ನ್ಯಾಯ ಸಿಕ್ಕಿತು ಎಂದು ಹೇಳಿ ಯಾರನ್ನೂ ಸಮಾಧಾನ ಮಾಡುವ ಹಾಗಿಲ್ಲ.

ಇಟಲಿಯಲ್ಲಿ ಎಡಗೈಯ ಎರಡು ಬೆರಳು ಕಳೆದುಕೊಂಡು ಶತ್ರುಗಳಿಗೆ ಸೆರೆಸಿಕ್ಕ ಓನೊ, ಯುದ್ಧ ಮುಗಿದ ಮೇಲೆ ಬಿಡುಗಡೆಯಾಗಿ ಊರಿಗೆ ಬಂದ. ಅಪ್ಪನ ದೋಣಿ ಹತ್ತಿದ, ಟೊಮ್ಮಾ ಎಂಬ ಗಟ್ಟಿಗಿತ್ತಿಯನ್ನು ಮದುವೆಯಾದ. ವಿಮಾನದ ಮಾತನ್ನು ತಾನಾಗಿ ಎತ್ತುತ್ತಿರಲಿಲ್ಲ. ಯಾರಾದರೂ ಯುದ್ಧದ ಕಥೆಯಲ್ಲಿ ಹೀರೊಗಳನ್ನು ಹುಡುಕಿದರೆ, "ಸೀಗಡಿ ಬೇಕಾದ್ರೆ ತಗೊಳ್ಳಿ, ಹೀರೊ ಇಲ್ಲಿ ಸಿಗಲ್ಲ," ಎನ್ನುತ್ತಿದ್ದ.

ಹತ್ತಾರು ವರ್ಷ ಕಳೆದ ಮೇಲೆ ಹಳೆಯ ಹಾರಾಟಗಾರರ ಸಂಘದ ಒಬ್ಬ ಒಳ್ಳೆಯ ಕೋಟು ಹಾಕಿಕೊಂಡು ಬಂದರಿಗೆ ಬಂದ. ವಾರ್ಷಿಕ ಕೂಟವಂತೆ, ಕೆಸ್ಟೆನ್ ಸಾಹೇಬರೇ ಅಧ್ಯಕ್ಷರಂತೆ, ಹಳೆಯದನ್ನೆಲ್ಲ ಮರೆತಿದ್ದಾರಂತೆ. ಟೊಮ್ಮಾ ಚಹಾ ಬಗ್ಗಿಸಿದಳು. ಬಂದವನು ವಿಶ್ವಾಸದಿಂದ ಕೇಳಿದ: "ನಿಮ್ಮದು ಎಷ್ಟು, ಹೈಯೆನ್ ಅವ್ರೆ?"

"ನಾಲ್ಕು. ನಾಲ್ಕರಲ್ಲೂ ಜನ ಇದ್ರು," ಎಂದ ಓನೊ. "ಮಾಟೆರ್ನ್‌ದು ಒಂದು. ಅದರಲ್ಲೂ ಇದ್ರು."

"ಮಾಟೆರ್ನ್? ಆ ಹೆಸರಿಗೆ ಒಂದೂ ಇಲ್ವಲ್ಲ. ನಾವು ದಾಖಲೆ ಎಲ್ಲ ನೋಡಿದೀವಿ."

ಓನೊ ಮೂರು ಬೆರಳಿನ ಎಡಗೈಯನ್ನು ಮೇಜಿನ ಮೇಲೆ ಊರಿ ಅವನ ಮುಖಕ್ಕೆ ಮುಖ ಕೊಟ್ಟು ಬಾಗಿದ.

"ನೀವು ದಾಖಲೆ ನೋಡಿದೀರಿ, ಸ್ವಾಮಿ. ನಾನು ಮಾಟೆರ್ನ್‌ನ ನೋಡಿದೀನಿ."