ಚಿಕ್ಕಮ್ಮನ ಧಾರೆಗೆ ಊದಿದವನು

ಹೋದ ಭಾನುವಾರ ಬೆಳಿಗ್ಗೆ ಬಸ್ಸಾರಿಗೆಂದು ದಂಟಿನ ಸೊಪ್ಪು ಬಿಡಿಸುತ್ತಾ ಕೂತಿದ್ದೆ. ಪಕ್ಕದಲ್ಲಿ ಫೋನು ತನ್ನ ಪಾಡಿಗೆ ತಾನು ನುಡಿಯುತ್ತಿತ್ತು. ನನಗೊಂದು ಚಾಳಿಯಿದೆ, ಮೊದಲೇ ಹೇಳಿಬಿಡುತ್ತೇನೆ. ಒಬ್ಬರೇ ಕೂತು ನುಡಿಸಿದ ಆಲ್ಬಮ್ಮುಗಳೆಂದರೆ ನನಗೆ ಪ್ರಾಣ. ಬರೀ ವೀಣೆ, ಬರೀ ಪಿಟೀಲು, ಬರೀ ಪಿಯಾನೊ. ಮೃದಂಗವಿಲ್ಲ, ಜೊತೆಗಾರರಿಲ್ಲ, ತಪ್ಪಿದರೆ ಅವಿತುಕೊಳ್ಳಲು ಯಾರ ಬೆನ್ನೂ ಇಲ್ಲ. "ಒಬ್ರೇ ನುಡ್ಸೋದು, ಒಬ್ಳೇ ಕೇಳೋದು. ಚೆನ್ನಾಗದೆ ಜೋಡಿ" ಎಂದು ನಮ್ಮ ಮನೆಯವರು ಪೇಪರಿನ ಹಿಂದಿನಿಂದ ಅನ್ನುತ್ತಾರೆ. ಹಾಗಂತ ರಾಗ ಗುರುತಿಸುವ ವಿದ್ಯೆಯೇನೂ ನನಗಿಲ್ಲ. ಕಲ್ಯಾಣಿಯನ್ನು ಶಂಕರಾಭರಣವೆಂದು ತುಂಬಿದ ಸಭೆಯಲ್ಲಿ ಧೈರ್ಯವಾಗಿ ಹೇಳಿ ನಗೆಪಾಟಲಾದವಳು ನಾನು. ಆದರೂ ಕೇಳುತ್ತೇನೆ. ಊಟ ರುಚಿಸುವುದಕ್ಕೆ ಅಡುಗೆ ಬರಲೇಬೇಕೆಂದಿಲ್ಲವಲ್ಲ.

ಅವತ್ತು ವೀಣೆ ಮುಗಿಯಿತು. ಈ ಫೋನುಗಳಿಗೆ ಈಗ ನಮ್ಮನ್ನು ಕೇಳುವ ಪದ್ಧತಿಯೇ ಇಲ್ಲ, ತಾನಾಗಿ ಇನ್ನೊಂದನ್ನು ಹಾಕಿತು. ಸ್ಯಾಕ್ಸಾಫೋನು, ಒಬ್ಬನೇ. ಒಂದೆರಡು ಸ್ವರ ಕೇಳುವಷ್ಟರಲ್ಲಿ ನನ್ನ ಕೈಯಲ್ಲಿದ್ದ ದಂಟು ಕೈಯಲ್ಲೇ ಉಳಿಯಿತು. ಈ ಊದುವಿಕೆ ನನಗೆ ಗೊತ್ತು. ನೀವು ನಂಬಿದರೆ ನಂಬಿ, ಬಿಟ್ಟರೆ ಬಿಡಿ, ನಮ್ಮ ಭಾಗ್ಯ ಚಿಕ್ಕಮ್ಮನ ಮದುವೆಗೆ ಊದಿದವನು ಇವನೇ.

ಚಿಕ್ಕಮ್ಮ ಎಂದರೆ ಅಮ್ಮನ ಕೊನೆಯ ತಂಗಿ. ನಾನಾಗ ಮಂಡ್ಯದ ಕಾಲೇಜಿನಲ್ಲಿದ್ದೆ, ಅವಳು ನನಗಿಂತ ಸ್ವಲ್ಪವೇ ದೊಡ್ಡವಳು. ಮದುವೆ ಕೊತ್ತತ್ತಿಯಲ್ಲಿ, ತಾತನ ಮನೆಯ ಮುಂದಿನ ಚಪ್ಪರದಲ್ಲಿ. ಗಂಡಿನ ಕಡೆಯವರು ಮಳವಳ್ಳಿಯವರು. ನಮ್ಮ ಕಡೆ ವಾಲಗವಿಲ್ಲದೆ ಧಾರೆಯಿಲ್ಲ. ತಾಳಿ ಕಟ್ಟುವ ಗಳಿಗೆಗೆ ಪುರೋಹಿತರು "ಗಟ್ಟಿಮೇಳ!" ಎಂದು ಕೂಗಿದರೆ ವಾಲಗ, ಡೋಲು ಎಲ್ಲವೂ ಒಟ್ಟಿಗೆ ಮೊರೆಯಬೇಕು. ಸೀನು, ಅಳು, ಒಡಕು ಮಾತು, ಯಾವುದೂ ಆ ಹೊತ್ತಿನಲ್ಲಿ ಕಿವಿಗೆ ಬೀಳಬಾರದು. ಅಂಥಾ ದಿನವೇ ವಾಲಗದವರ ಟೆಂಪೋ ಮದ್ದೂರು ದಾಟುವ ಮೊದಲೇ ಕೆಟ್ಟು ನಿಂತಿತು. ಸುದ್ದಿ ಬಸ್ಸಿನಲ್ಲಿ ಬಂತು, ವಾಲಗದವರು ಬರಲಿಲ್ಲ.

"ಎದರ್ಕಬ್ಯಾಡಿ ಗೌಡ್ರೆ, ವಾಲಗದ್ ಕ್ಯಾಸೆಟ್ ಮಡಗಿವ್ನಿ" ಎಂದರು ಬಾಷಾ ಸಾಬರು. ಮದ್ದೂರಿನ ಈ ಬಾಷಾ ಸಾಬರ ಮೈಕ್‌ಸೆಟ್ಟಿಲ್ಲದೆ ಆಗ ಸುತ್ತಿನ ಹಳ್ಳಿಗಳಲ್ಲಿ ಮದುವೆಯಾಗುತ್ತಿರಲಿಲ್ಲ. ಕ್ಯಾಸೆಟ್ಟು ಹಾಕಿದರು. ಟೇಪ್‌ರೆಕಾರ್ಡರು ಅದನ್ನು ಒಂದೇ ಗಳಿಗೆಯಲ್ಲಿ ನುಂಗಿತು. ಸಾಬರು ಶಾವಿಗೆ ಎಳೆದಂತೆ ಅದರ ಬಾಯಿಂದ ಟೇಪು ಎಳೆಯುತ್ತಾ ಕೂತರು. ಅತ್ತ ಮುಹೂರ್ತ ಹತ್ತಿರ ಬರುತ್ತಿತ್ತು. ಉಳಿದದ್ದು ಸಿನಿಮಾ ಹಾಡುಗಳು.

"ಸಿನ್ಮಾ ಆಡ್ಗೆ ತಾಳಿ ಕಟ್ಸಕಾಯ್ತದಾ? ನಮ್ ಮನೇಲಿ ಅಂಗೆಲ್ಲ ಇಲ್ಲ" ಎಂದರು ಗಂಡಿನ ತಾಯಿ. ಅವರು ಮೆತ್ತಗೆ ಮಾತಾಡಿದ್ದನ್ನು ನಾನು ಯಾವತ್ತೂ ಕೇಳಿದವಳಲ್ಲ.

ಆಗ ಸಾಬರು ಚೀಲದ ತಳದಿಂದ ಇನ್ನೊಂದನ್ನು ತೆಗೆದರು. ಅದರ ಮೇಲೆ ಕಣ್ಣು ಮುಚ್ಚಿಕೊಂಡು ಸ್ಯಾಕ್ಸಾಫೋನು ಊದುತ್ತಿದ್ದ ಒಬ್ಬ ಬೋಳುತಲೆಯವನ ಚಿತ್ರವಿತ್ತು. "ನಮ್ ಬಾಮೈದ ದುಬೈಯಿಂದ ತಂದಿದ್ದು. ಇವ್ನೂ ಅದ್ನೇ ಊದ್ತಾವ್ನೆ, ನೋಡಿ." ಅಷ್ಟು ಹೊತ್ತಿಗೆ ನಮ್ಮ ಕಡೆಯ ಮದುವೆಗಳಿಗೂ ಸ್ಯಾಕ್ಸಾಫೋನು ಬಂದುಬಿಟ್ಟಿತ್ತು. ಕಂಡವರಿಗೆಲ್ಲ ಅದು ಮಂಗಳವಾದ್ಯವೇ, ಅದಕ್ಕೆ ಬೇರೆ ಕಸುಬಿದೆಯೆಂದು ಯಾರಿಗೆ ಗೊತ್ತು? ಗಂಡಿನ ತಾಯಿ ಚಿತ್ರವನ್ನು ದೂರ ಹಿಡಿದು ನೋಡಿದರು. "ಆಕಿ ಮತ್ತೆ. ಬಾಗಿದ್ ವಾಲಗ ತಾನೆ" ಎಂದರು.

ಶುರುವಾಯಿತು. ಮೊದಲು ತಗ್ಗಿನದೊಂದು ಸ್ವರ. ಅದು ಮುಗಿಯಿತು ಅನ್ನುವಷ್ಟರಲ್ಲಿ ಅದರೊಳಗಿಂದ ಇನ್ನೊಂದು ಬಂತು. "ಡೋಲ್ನೋರ್ ಎಲ್ಲವ್ರಲಾ?" ಎಂದು ತಾತ ಕೇಳಿದರು. "ಬತ್ತಾರೆ ಬುಡಿ ಗೌಡ್ರೆ, ಅಮ್ಯಾಕೆ ಬತ್ತಾರೆ" ಎಂದರು ಸಾಬರು. ಡೋಲಿನವರು ಬರಲೇ ಇಲ್ಲ. ಬರುವ ಅಗತ್ಯವೂ ಯಾರಿಗೂ ಕಾಣಲಿಲ್ಲ. ಅವನೇ ಏರಿದ, ಅವನೇ ಇಳಿದ, ತನ್ನ ಪ್ರಶ್ನೆಗೆ ತಾನೇ ಉತ್ತರ ಹೇಳಿದ, ಹೇಳಿದ ಉತ್ತರವನ್ನು ತಾನೇ ಒಪ್ಪದೆ ಮತ್ತೆ ಮೊದಲಿನಿಂದ ಕೇಳಿದ. ಅಡುಗೆಯವರು ಸೌಟು ಹಿಡಿದುಕೊಂಡೇ ಹೊರಗೆ ಬಂದರು. ಕಾಫಿಗೆ ಸಕ್ಕರೆ ಸಾಲದೆಂದು ಮುನಿಸಿಕೊಂಡಿದ್ದ ಬೀಗರು ಮುನಿಸು ಮರೆತು ಕೂತರು. ಆಚೆ ನಾಲೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಸದ್ದೂ ನಿಂತುಹೋಯಿತು. ಹೆಸರು ಗೊತ್ತಿಲ್ಲದ, ನಮ್ಮ ಊರು ಎಲ್ಲಿದೆಯೆಂದೂ ಅರಿಯದ ಒಬ್ಬ ಮನುಷ್ಯ, ಬರೀ ಉಸಿರಿನಿಂದ ಇಷ್ಟು ಜನರ ಬಾಯಿ ಮುಚ್ಚಿಸಬಲ್ಲನೆ? ಅದಕ್ಕೆ ಜಾಜ್ ಅನ್ನುತ್ತಾರೆಂದು ತಿಳಿದದ್ದು ಎಷ್ಟೋ ವರ್ಷದ ಮೇಲೆ. ಒಬ್ಬಂಟಿ ವಾದ್ಯದ ಚಾಳಿ ಹತ್ತಿದ್ದು ಮಾತ್ರ ಆ ಚಪ್ಪರದಲ್ಲೇ.

ಗಳಿಗೆ ಬಂತು. "ಗಟ್ಟಿಮೇಳ! ಗಟ್ಟಿಮೇಳ!" ಪುರೋಹಿತರು ಕೈಯೆತ್ತಿದರು. ಸಾಬರು ಸದ್ದಿನ ತಿರುಪನ್ನು ಪೂರಾ ತಿರುಗಿಸಿದರು. ಸರಿಯಾಗಿ ಆಗಲೇ ಅವನು ನಿಲ್ಲಿಸಿಬಿಟ್ಟ.

ಇಡೀ ಚಪ್ಪರ ಗಪ್‌ಚಿಪ್. ಅಕ್ಷತೆ ಹಿಡಿದ ಕೈಗಳು ಗಾಳಿಯಲ್ಲೇ ಉಳಿದವು. ಗಂಡಿನ ಸೋದರಮಾವ ಒಂದು ಸೀನು ಸೀನಿದರು, ಅದೂ ಸಣ್ಣದಲ್ಲ. ಆ ನಿಶ್ಶಬ್ದದಲ್ಲೇ ತಾಳಿ ಕಟ್ಟಿದ್ದಾಯಿತು. ಆಮೇಲೆ ಗದ್ದಲವೋ ಗದ್ದಲ. ಸೀನಿದವರು ಅವರ ಕಡೆಯವರೇ, ತಪ್ಪು ಬಿದ್ದದ್ದು ಮಾತ್ರ ಕ್ಯಾಸೆಟ್ಟಿನ ಮೇಲೆ, ಕ್ಯಾಸೆಟ್ಟಿನಿಂದ ಚಿಕ್ಕಮ್ಮನ ಮೇಲೆ.

ಮಳವಳ್ಳಿಯಲ್ಲಿ ಅವಳಿಗೆ ಅದೇ ಹೆಸರಾಯಿತು. ಹಸು ಹಾಲು ಬಿಟ್ಟುಕೊಡದಿದ್ದರೆ "ಮೇಳ ನಿಂತ್ ಮದ್ವೆ". ಬೋರು ಕೆಟ್ಟರೆ "ಮೇಳ ನಿಂತ್ ಮದ್ವೆ". ಕೆಲವು ವರ್ಷ ಮಕ್ಕಳಾಗಲಿಲ್ಲ. ಆಗಂತೂ ಮಗನಿಗೆ ಇನ್ನೊಂದು ಹೆಣ್ಣು ನೋಡುವ ಮಾತೂ ಎದ್ದಿತು. ಚಿಕ್ಕಪ್ಪ ಮಾತಿನವರಲ್ಲ. ಅವತ್ತು ಊಟದ ತಟ್ಟೆಯಿಂದೆದ್ದು ಕೈ ತೊಳೆದವರು, ಆ ಮಾತು ನಿಲ್ಲುವವರೆಗೂ ತಾಯಿಯ ಕೈಯ ಅನ್ನ ಉಣ್ಣಲಿಲ್ಲವಂತೆ. ಮುಂದೆ ಮಗಳು ಹುಟ್ಟಿದಳು, ಅತ್ತೆಯೂ ಹೋದರು. ಆದರೆ ಮಾತಿಗೆ ಸಾವಿಲ್ಲ ನೋಡಿ. ಮಗಳ ಬಾಣಂತನದಲ್ಲಿ ಜ್ವರ ಬಂದಾಗಲೂ ಯಾರೋ ಮುದುಕಿ ಅದನ್ನೇ ಅಂದಳಂತೆ. ಚಿಕ್ಕಮ್ಮ ಇದಕ್ಕೆ ಎದುರಾಡಿದ್ದನ್ನು ಕಂಡವರಿಲ್ಲ.

ಆ ಭಾನುವಾರ ಸೊಪ್ಪು ಅರ್ಧಕ್ಕೇ ಬಿಟ್ಟು ಮಳವಳ್ಳಿಯ ಬಸ್ಸು ಹತ್ತಿದೆ. ಮನೆಯವರು "ಬಸ್ಸಾರು?" ಎಂದರು. "ನೀವೇ ಬಿಡಿಸಿ, ಒಬ್ರೇ" ಎಂದೆ.

ಚಿಕ್ಕಮ್ಮ ಜಗಲಿಯ ಮೇಲೆ ಹುರುಳಿ ಕೇರುತ್ತಿದ್ದಳು. ಫೋನನ್ನು ಅವಳ ಮುಂದಿಟ್ಟೆ. ಆ ತಗ್ಗಿನ ಸ್ವರ ಬಂತು. ಮೊರ ನಿಂತಿತು. ಅವಳು ತಲೆಯೆತ್ತಲಿಲ್ಲ. ಅವನು ಅವತ್ತಿನಂತೆಯೇ ಏರಿದ, ಇಳಿದ, ತನ್ನ ಪ್ರಶ್ನೆ ತಾನೇ ಕೇಳಿದ. ಗಟ್ಟಿಮೇಳದ ಜಾಗ ಹತ್ತಿರವಾಗುತ್ತಿದ್ದಂತೆ ನನಗೆ ನನ್ನ ತಪ್ಪು ಹೊಳೆಯಿತು. ಇಷ್ಟು ದೂರ ಬಂದು ಮತ್ತೆ ಅದೇ ಅಪಶಕುನವನ್ನು ಅವಳ ಮಡಿಲಿಗೆ ಹಾಕುತ್ತಿದ್ದೇನಲ್ಲ ಅನ್ನಿಸಿ ಫೋನಿಗೆ ಕೈ ಹಾಕಿದೆ. ಅವಳು ನನ್ನ ಮಣಿಕಟ್ಟು ಹಿಡಿದಳು.

"ತಡಿ ಕಣಮ್ಮಿ. ಈಗ ಉಸುರ್ ತಗತಾನೆ."

ನಿಂತ. ನಾನು ಕಿವಿ ಹತ್ತಿರ ತಂದೆ. ಹೌದು, ಅದು ಬರೀ ನಿಶ್ಶಬ್ದವಲ್ಲ. ಒಬ್ಬ ಮನುಷ್ಯ ಉದ್ದಕ್ಕೆ, ಹೊಟ್ಟೆಯ ಆಳದಿಂದ ಉಸಿರೆಳೆದುಕೊಳ್ಳುತ್ತಿದ್ದ. ಅದರ ಬೆನ್ನಿಗೇ ಒಂದು ಸ್ವರ, ಅವತ್ತಿನ ಸೀನು, ಗದ್ದಲದಲ್ಲಿ ಯಾರಿಗೂ ಕೇಳಿಸದಷ್ಟು ಮೆಲ್ಲಗೆ.

"ನಿಂತೇ ಇರ್ಲಿಲ್ವಾ ಚಿಕ್ಕಮ್ಮ?"

"ಎಲ್ ನಿಂತಿದ್ದ? ಮೈಕಿನ್ ಡಬ್ಬ ನನ್ ತಲೆ ಮ್ಯಾಗೇ ಕಟ್ಟಿದ್ರಲ್ಲ, ನಂಗ್ ಕೇಳ್ತು. ನಂಗೋ ಎದ್ರಿಕೆ. ಪಾಪ ಅವ್ನೂ ಒಬ್ನೇ ಅವ್ನೆ, ಅವ್ನ್ಗೂ ಎದ್ರಿಕೆ ಅನ್ಕಂಡೆ. ಅವ್ನು ಉಸುರ್ ತಗಂಡ. ನಾನೂ ತಗಂಡೆ. ಆಗ್ಲೇ ನಿಮ್ ಚಿಕ್ಕಪ್ಪ ತಾಳಿ ಕಟ್ಟುದ್ರು."

"ಇಷ್ಟ್ ವರ್ಸ ಯಾಕೆ ಯಾರ್ಗೂ ಯೋಳ್ಲಿಲ್ಲ?" ನನಗೆ ಗೊತ್ತಿಲ್ಲದೆ ನಾನೂ ಕೊತ್ತತ್ತಿಯ ಮಾತಿಗೆ ಇಳಿದಿದ್ದೆ.

"ಯೋಳುದ್ರೆ ಯಾರ್ ನಂಬೋರು? ತೋರ್ಸಕ್ಕೆ ನಂತಾವ ಏನಿತ್ತು?"

ಇಷ್ಟು ವರ್ಷ ಆಲ್ಬಮ್ಮುಗಳ ಮೇಲೆ ಆಲ್ಬಮ್ಮು ಕೇಳಿದ ನಾನು ಸ್ವರಗಳನ್ನಷ್ಟೇ ಕೇಳಿದ್ದೆ. ಒಂದೇ ಒಂದು ಸಲ ಕೇಳಿದ ಇವಳು ಅವನ ಉಸಿರನ್ನು ಹಿಡಿದಿಟ್ಟುಕೊಂಡು ಅಷ್ಟೆಲ್ಲ ಮಾತುಗಳ ನಡುವೆ ಬಾಳಿದ್ದಳು.

ಅಷ್ಟರಲ್ಲಿ ಗದ್ದೆಯಿಂದ ಬಂದ ಚಿಕ್ಕಪ್ಪ ಬಾಗಿಲಲ್ಲಿ ಟವೆಲು ಕೊಡವುತ್ತಿದ್ದವರು ಹಾಗೇ ನಿಂತರು. ಕೇಳಿದರು. ಫೋನನ್ನೂ ನನ್ನನ್ನೂ ನೋಡಿದರು.

"ಇದು ನಮ್ ಮದ್ವೆ ಮೇಳ ಅಲ್ವಾ?"

"ಊಂ" ಎಂದಳು ಚಿಕ್ಕಮ್ಮ, ಮೊರ ಪಕ್ಕಕ್ಕಿಟ್ಟು ಜಾಗ ಬಿಡುತ್ತಾ. "ಬನ್ನಿ, ಕೂತ್ಕಂಡ್ ಕೇಳಿ. ಇನ್ನೂ ನಡೀತಾ ಅದೆ."